ಬೇಲಿ ದಾಟಿದ ಮೇಲಿನ ಸಿನಿಮಾ: ಕಾಲ್ನಡಿಗೆಯಲ್ಲಿ ತಪ್ಪಿಸಿಕೊಂಡ ಕೈದಿಗಳ ಕಥೆಗಳಲ್ಲಿ ಯಾವುದನ್ನು ನೋಡಬೇಕು?

ಜೈಲಿನಿಂದ ತಪ್ಪಿಸಿಕೊಳ್ಳುವ ಸಿನಿಮಾಗಳಲ್ಲಿ ಎರಡು ಜಾತಿ. ಒಂದರಲ್ಲಿ ಗೋಡೆ ದಾಟುವುದೇ ಕಥೆ. ಸುರಂಗ ತೋಡುತ್ತಾರೆ, ಕಾವಲುಗಾರರ ಪಾಳಿ ಲೆಕ್ಕ ಹಾಕುತ್ತಾರೆ, ಕೊನೆಯ ಕಾಲು ಗಂಟೆಯಲ್ಲಿ ಹೊರಗೆ ಬರುತ್ತಾರೆ, ನಾವೂ ಉಸಿರು ಬಿಡುತ್ತೇವೆ. ಇನ್ನೊಂದು ಜಾತಿಯಲ್ಲಿ ಬೇಲಿ ದಾಟಿದ ಮೇಲೆಯೇ ನಿಜವಾದ ಕಷ್ಟ ಶುರು. ಊರಿಲ್ಲ, ದಾರಿಯಿಲ್ಲ, ತಿನ್ನಲು ಏನೂ ಇಲ್ಲ. ಹಿಮವೋ ಮರಳೋ ಕಾಡೋ, ನಡೆಯುತ್ತಲೇ ಇರಬೇಕು. ಈ ಬರಹ ಎರಡನೆಯ ಜಾತಿಯ ಸಿನಿಮಾಗಳನ್ನು ಕುರಿತದ್ದು. ಮೊದಲನೆಯದೇ ನಿಮಗೆ ಇಷ್ಟವಾದರೆ ಇಲ್ಲಿರುವ ಅರ್ಧದಷ್ಟು ಚಿತ್ರಗಳು ಬೇಸರ ತರಿಸಬಹುದು, ಈಗಲೇ ಹೇಳಿಬಿಡುತ್ತೇನೆ.

ಇಂಥ ಚಿತ್ರ ಆರಿಸುವಾಗ ಹೆಚ್ಚಿನವರು ಮೊದಲು ನೋಡುವುದು ಪೋಸ್ಟರಿನ ಮೇಲೆ 'ನೈಜ ಘಟನೆ ಆಧಾರಿತ' ಎಂದಿದೆಯೇ ಎಂದು. ಈ ವಿಭಾಗದಲ್ಲಿ ಅದರಷ್ಟು ದಾರಿ ತಪ್ಪಿಸುವ ಗುರುತು ಇನ್ನೊಂದಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ. ಅದಕ್ಕಿಂತ ಉಪಯೋಗಕ್ಕೆ ಬರುವ ಪ್ರಶ್ನೆ ಬೇರೆ ಇದೆ: ತಪ್ಪಿಸಿಕೊಂಡ ಮೇಲಿನ ದಿನಗಳನ್ನು ಈ ಸಿನಿಮಾ ಏನು ಮಾಡುತ್ತದೆ? ಬೇಗ ಬೇಗ ದಾಟಿಸುತ್ತದೆಯೇ, ಅಥವಾ ನಮ್ಮನ್ನೂ ಜೊತೆಯಲ್ಲಿ ನಡೆಸುತ್ತದೆಯೇ?

ಸೈಬೀರಿಯಾದಿಂದ ಭಾರತಕ್ಕೆ: 'ದಿ ವೇ ಬ್ಯಾಕ್'

ಆಸ್ಟ್ರೇಲಿಯಾದ ಪೀಟರ್ ವಿಯರ್ 2010ರಲ್ಲಿ ಮಾಡಿದ ಚಿತ್ರ. ಶುರುವಿನಲ್ಲೇ ಪರದೆಯ ಮೇಲೆ ಒಂದು ಮಾತು ಬರುತ್ತದೆ: 1941ರಲ್ಲಿ ಮೂವರು ಹಿಮಾಲಯ ದಾಟಿ ಭಾರತಕ್ಕೆ ನಡೆದು ಬಂದರು, ಅವರು ನಡೆದದ್ದು 4000 ಮೈಲಿ. ಅಂದರೆ ಸುಮಾರು 6400 ಕಿಲೋಮೀಟರ್. ಆಮೇಲೆ ಸೈಬೀರಿಯಾದ ಸೋವಿಯತ್ ಕೈದಿಗಳ ಕ್ಯಾಂಪಿನಿಂದ ಹೊರಡುವುದು ಏಳು ಜನ, ದಾರಿಯಲ್ಲಿ ಒಬ್ಬಳು ಹುಡುಗಿ ಸೇರಿಕೊಳ್ಳುತ್ತಾಳೆ. ಎಂಟರಲ್ಲಿ ಮೂರು. ಎಷ್ಟು ಜನ ಭಾರತ ಮುಟ್ಟುತ್ತಾರೆ ಎಂಬ ಗುಟ್ಟನ್ನು ನಿರ್ದೇಶಕರೇ ಮೊದಲು ಬಿಟ್ಟುಕೊಟ್ಟು, ಯಾರು ಎಂಬುದನ್ನು ಮಾತ್ರ ಇಟ್ಟುಕೊಂಡಿದ್ದಾರೆ. ಹಾಗಾಗಿ ಯಾರಾದರೂ ಸ್ವಲ್ಪ ಹಿಂದೆ ಬಿದ್ದರೂ ನೋಡುವವರ ಎದೆ ಧಸಕ್ಕೆನ್ನುತ್ತದೆ.

ಕ್ಯಾಂಪಿನ ಅಧಿಕಾರಿ ಹೊಸ ಕೈದಿಗಳಿಗೆ ಮೊದಲ ದಿನವೇ ತಿಳಿಸಿಬಿಡುತ್ತಾನೆ: ನಿಮ್ಮನ್ನು ಹಿಡಿದಿಟ್ಟಿರುವುದು ನಮ್ಮ ಬಂದೂಕು, ನಾಯಿ, ತಂತಿಬೇಲಿ ಇವು ಯಾವುವೂ ಅಲ್ಲ, ಈ ಸೈಬೀರಿಯಾ. ಚಿತ್ರ ಆ ಮಾತಿಗೆ ನಿಷ್ಠವಾಗಿದೆ. ತಪ್ಪಿಸಿಕೊಳ್ಳುವ ದೃಶ್ಯ ಕೆಲವೇ ನಿಮಿಷ. ಅಟ್ಟಿಸಿಕೊಂಡು ಬರುವವರು ಆರಂಭದಲ್ಲೇ ಹಿಂದುಳಿಯುತ್ತಾರೆ. ಮುಂದೆ ಖಳನಾಯಕನೇ ಇಲ್ಲ. ಹಿಮಗಾಳಿಯಲ್ಲಿ ಮುಖ ಸುಟ್ಟುಹೋಗದಂತೆ ಮರದ ತೊಗಟೆ ಸುಲಿದು, ಕಣ್ಣಿಗೆ ತೂತು ಮಾಡಿ ಮುಖವಾಡ ಕಟ್ಟಿಕೊಳ್ಳುತ್ತಾರೆ. ತೋಳಗಳು ಬೇಟೆಯಾಡಿದ ಪ್ರಾಣಿಯನ್ನು ಕಂಡಾಗ ತೋಳಗಳನ್ನು ಓಡಿಸಿ ತಾವೇ ಹಸಿಮಾಂಸಕ್ಕೆ ಮುಗಿಬೀಳುತ್ತಾರೆ. ಒಂದು ಕ್ಷಣ ಮೊದಲು ಮನುಷ್ಯರಂತೆ ಮಾತಾಡುತ್ತಿದ್ದವರು. ಕ್ಯಾಮೆರಾ ಅದನ್ನು ಅಸಹ್ಯವಾಗಿಯೂ ತೋರಿಸುವುದಿಲ್ಲ, ಸಾಹಸವಾಗಿಯೂ ತೋರಿಸುವುದಿಲ್ಲ.

ನನಗೆ ಈ ಚಿತ್ರದಲ್ಲಿ ಬಹಳ ಹಿಡಿಸಿದ್ದು ಸರ್ಷಾ ರೋನನ್ ಮಾಡಿರುವ ಇರೀನಾ ಪಾತ್ರ. ಈ ಗಂಡಸರು ವಾರಗಟ್ಟಲೆ ಜೊತೆಯಲ್ಲಿ ನಡೆದಿದ್ದರೂ ಒಬ್ಬರ ಹಿಂದಿನ ಬದುಕು ಇನ್ನೊಬ್ಬರಿಗೆ ಗೊತ್ತಿಲ್ಲ. ಕ್ಯಾಂಪ್ ಕಲಿಸಿದ ಪಾಠ ಅದು: ಕೇಳಬೇಡ, ಹೇಳಬೇಡ. ಇರೀನಾ ನಡೆಯುತ್ತ ನಡೆಯುತ್ತ ಒಬ್ಬೊಬ್ಬರ ಪಕ್ಕ ಹೋಗಿ ಕೇಳುತ್ತಾಳೆ, ಅವರಿಂದ ತಿಳಿದದ್ದನ್ನು ಇವರಿಗೆ ಹೇಳುತ್ತಾಳೆ. ಹೀಗೆ ಈ ಗುಂಪು ಒಂದು ಕುಟುಂಬವಾಗುತ್ತದೆ. ಅದಕ್ಕೆ ಎದುರಾಗಿ ಎಡ್ ಹ್ಯಾರಿಸ್ ಮಾಡಿರುವ ಅಮೆರಿಕನ್ ಎಂಜಿನಿಯರ್. ಮಾಸ್ಕೋ ಮೆಟ್ರೋ ಕೆಲಸಕ್ಕೆಂದು ಬಂದು ಜೈಲು ಸೇರಿದವನು. ಪೋಲೆಂಡಿನವನಾದ ನಾಯಕ ಯಾನುಷ್‌ನ ಕರುಣೆಯನ್ನು ಅವನು ದೌರ್ಬಲ್ಯವೆಂದೇ ಕರೆಯುತ್ತಾನೆ, ಮುಂದೊಂದು ದಿನ ನಾನು ಬಿದ್ದರೆ ನೀನು ಎತ್ತಿಕೊಳ್ಳುತ್ತೀಯ, ಅದಕ್ಕೇ ನಿನ್ನ ಜೊತೆ ಬರುತ್ತಿದ್ದೇನೆ ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಾನೆ. ಕಾಲಿನ್ ಫಾರೆಲ್ ಮಾಡಿರುವ ವಾಲ್ಕಾ ಪಾತ್ರಕ್ಕೂ ಒಂದು ಮಾತು ಸಲ್ಲಬೇಕು. ಎದೆಯ ಮೇಲೆ ಲೆನಿನ್, ಸ್ಟಾಲಿನ್ ಹಚ್ಚೆ ಹಾಕಿಸಿಕೊಂಡ ರೌಡಿ. ಗಡಿ ಬಂದಾಗ ಅವನು ಮಾಡುವ ಆಯ್ಕೆಯನ್ನು ಇಲ್ಲಿ ಹೇಳುವುದಿಲ್ಲ, ಆದರೆ ಸ್ವಾತಂತ್ರ್ಯ ಎಂದರೆ ಎಲ್ಲರಿಗೂ ಒಂದೇ ಅಲ್ಲ ಎಂಬುದನ್ನು ಭಾಷಣವಿಲ್ಲದೆ ತೋರಿಸುವ ದೃಶ್ಯ ಅದು.

ಕೊರತೆಯೂ ಇದೆ, ಚಿಕ್ಕದಲ್ಲ. ಬೈಕಲ್ ಸರೋವರ, ಮಂಗೋಲಿಯಾ, ಗೋಬಿ ಮರುಭೂಮಿಯವರೆಗೆ ಹೆಜ್ಜೆ ಹೆಜ್ಜೆಗೂ ನಮ್ಮನ್ನು ಜೊತೆಯಲ್ಲಿ ಕರೆದೊಯ್ಯುವ ಚಿತ್ರ, ಹಿಮಾಲಯಕ್ಕೆ ಬಂದಾಗ ರೈಲಿಗೆ ಹೊತ್ತಾದವರಂತೆ ಓಡುತ್ತದೆ. ಜಗತ್ತಿನ ಅತಿ ಎತ್ತರದ ಪರ್ವತಸಾಲು ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಕೊನೆಗೆ ಪೋಲೆಂಡಿನ ಅರ್ಧ ಶತಮಾನದ ರಾಜಕೀಯವನ್ನು ಸುದ್ದಿಚಿತ್ರಗಳ ತುಣುಕುಗಳಲ್ಲಿ ಉರುಳಿಸಿದ್ದೂ ನನಗೆ ಹಿಡಿಸಲಿಲ್ಲ. ಆದರೂ ಗೋಬಿಯ ಭಾಗವನ್ನು ನೋಡಿ. ಒಡೆದ ತುಟಿ, ಸಿಪ್ಪೆ ಏಳುವ ಚರ್ಮ, ಊದಿಕೊಂಡ ಪಾದ. ಆ ವರ್ಷದ ಆಸ್ಕರ್‌ಗೆ ಈ ಚಿತ್ರಕ್ಕೆ ಸಿಕ್ಕ ಒಂದೇ ನಾಮನಿರ್ದೇಶನ ಮೇಕಪ್ಪಿಗೆ, ಅದರಲ್ಲಿ ಆಶ್ಚರ್ಯವಿಲ್ಲ.

ದಿಗಂತವೇ ಕಾಣದ ಕಾಡು: 'ರೆಸ್ಕ್ಯೂ ಡಾನ್'

ವಿಯರ್ ಚಿತ್ರದಲ್ಲಿ ಮನುಷ್ಯ ಚುಕ್ಕೆ, ಭೂಮಿ ಅಪಾರ. ಜರ್ಮನಿಯ ವರ್ನರ್ ಹರ್ಟ್ಸಾಗ್ 2006ರಲ್ಲಿ ಮಾಡಿದ 'ರೆಸ್ಕ್ಯೂ ಡಾನ್' ಇದಕ್ಕೆ ಪೂರ್ತಿ ತದ್ವಿರುದ್ಧ. ಇಲ್ಲಿ ಹತ್ತು ಮಾರು ದೂರವೂ ಕಾಣುವುದಿಲ್ಲ. ಎಲೆ, ಬಳ್ಳಿ, ಕೆಸರು, ಮಳೆ. ಮಲೆನಾಡಿನ ಮಳೆಗಾಲದಲ್ಲಿ ಕಾಲಿನಿಂದ ಇಂಬಳ ಕಿತ್ತು ಹಾಕಿದವರಿಗೆ ಈ ಕಾಡು ಚೆನ್ನಾಗಿ ಅರ್ಥವಾಗುತ್ತದೆ.

ಡೀಟರ್ ಡೆಂಗ್ಲರ್ ಜರ್ಮನಿಯಲ್ಲಿ ಹುಟ್ಟಿ ಅಮೆರಿಕದ ನೌಕಾಪಡೆಯ ಪೈಲಟ್ ಆದವನು. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1966ರ ಫೆಬ್ರವರಿ 1ರಂದು ಅವನ ಸ್ಕೈರೈಡರ್ ವಿಮಾನವನ್ನು ಲಾವೋಸ್ ಮೇಲೆ ಹೊಡೆದುರುಳಿಸಲಾಯಿತು. ಜೂನ್ 29ರಂದು ಕೈದಿಗಳ ಕ್ಯಾಂಪಿನಿಂದ ತಪ್ಪಿಸಿಕೊಂಡ, 23 ದಿನ ಕಾಡಿನಲ್ಲಿ ಅಲೆದ. ಹೆಲಿಕಾಪ್ಟರ್ ಅವನನ್ನು ಎತ್ತಿಕೊಂಡಾಗ ತೂಕ ಸುಮಾರು 44 ಕಿಲೋ. ಪಾತ್ರಕ್ಕಾಗಿ ಕ್ರಿಶ್ಚಿಯನ್ ಬೇಲ್ ತೂಕ ಇಳಿಸಿದ್ದು ಆಗ ದೊಡ್ಡ ಸುದ್ದಿಯಾಗಿತ್ತು. ನಟರು ಸೊರಗಿದ ದೃಶ್ಯಗಳನ್ನು ಮೊದಲು ಚಿತ್ರಿಸಿ, ಮೈ ತುಂಬಿಕೊಳ್ಳುತ್ತ ಬಂದಂತೆ ಕಥೆಯ ಆರಂಭದತ್ತ ಹಿಂದಕ್ಕೆ ಬಂದರು.

ಈ ಚಿತ್ರದಲ್ಲಿ ತಪ್ಪಿಸಿಕೊಳ್ಳುವುದು ಅರ್ಧ ದಾಟಿದ ಮೇಲೆಯೇ. ಅಲ್ಲಿಯವರೆಗೆ ಸಿದ್ಧತೆ: ಮೊಳೆಯಿಂದ ಕೈಕೋಳ ಬಿಚ್ಚುವುದು, ಕೊಡುವ ಅನ್ನದಲ್ಲೇ ಒಂದಿಷ್ಟು ಉಳಿಸಿ ಒಣಗಿಸಿ ಬಚ್ಚಿಡುವುದು, ಕಾವಲುಗಾರರು ಊಟಕ್ಕೆ ಕೂರುವಾಗ ಬಂದೂಕು ಎಲ್ಲಿಡುತ್ತಾರೆ ಎಂದು ಗಮನಿಸುವುದು. ಹಾಗಾಗಿ ಮೊದಲ ಜಾತಿಯ ಚಿತ್ರ ಇಷ್ಟಪಡುವವರಿಗೂ ಇದು ಒಗ್ಗುತ್ತದೆ. ಕಾಡು ಹೊಕ್ಕ ಮೇಲೆ ಚಿತ್ರ ಡೆಂಗ್ಲರ್ ಮತ್ತು ಡ್ವೇನ್ ಮಾರ್ಟಿನ್ ಎಂಬ ಇಬ್ಬರದ್ದಾಗುತ್ತದೆ. ಮಾರ್ಟಿನ್ ಪಾತ್ರ ಮಾಡಿದ ಸ್ಟೀವ್ ಜಾನ್ ಅನ್ನು ಹಾಸ್ಯಪಾತ್ರಗಳಲ್ಲಿ ಮಾತ್ರ ನೋಡಿದ್ದವರು ಇಲ್ಲಿ ಗುರುತು ಹಿಡಿಯಲು ಕಷ್ಟಪಡಬೇಕು. ಅವನ ಕಣ್ಣಲ್ಲಿ ಜೀವ ಸ್ವಲ್ಪ ಸ್ವಲ್ಪವೇ ಆರುವುದನ್ನು ನೋಡುವುದು ಬೇಲ್ ಹಾವು ಕಚ್ಚಿ ತಿನ್ನುವುದನ್ನು ನೋಡುವುದಕ್ಕಿಂತ ಕಷ್ಟ.

ಕೊನೆ ಮಾತ್ರ ಬೇರೆ ಯಾವುದೋ ಸಿನಿಮಾದಿಂದ ತಂದಿಟ್ಟಂತಿದೆ. ಯುದ್ಧನೌಕೆಯ ಮೇಲೆ ಜಯಕಾರ, ಚಪ್ಪಾಳೆ. ಹರ್ಟ್ಸಾಗ್‌ರಂಥವರು ಹೀಗೇಕೆ ಮುಗಿಸಿದರೋ.

'ನೈಜ ಘಟನೆ' ಎಂಬ ಹಣೆಪಟ್ಟಿ

'ದಿ ವೇ ಬ್ಯಾಕ್'ಗೆ ಮೂಲ ಪೋಲೆಂಡಿನ ಸ್ಲಾವೊಮಿರ್ ರಾವಿಚ್ ಹೆಸರಿನಲ್ಲಿ 1956ರಲ್ಲಿ ಬಂದ ಪುಸ್ತಕ. ಇಂಗ್ಲಿಷ್ ಪತ್ರಕರ್ತರೊಬ್ಬರು ಬರೆದುಕೊಟ್ಟದ್ದು. ಬಂದಾಗಲೇ ಎರಿಕ್ ಶಿಪ್ಟನ್‌ರಂಥ ಹಿಮಾಲಯ ಬಲ್ಲವರು ಅನುಮಾನ ಪಟ್ಟಿದ್ದರು. ಪುಸ್ತಕದಲ್ಲಿ ಹಿಮಾಲಯದಲ್ಲಿ ಯೇತಿಯಂಥ ಎರಡು ಜೀವಿಗಳನ್ನು ಕಂಡ ಪ್ರಸಂಗವೂ ಇದೆ, ಅನುಮಾನ ಸಹಜವೇ. 2006ರಲ್ಲಿ ಬಿಬಿಸಿ ಹುಡುಕಿ ತೆಗೆದ ಸೋವಿಯತ್ ದಾಖಲೆಗಳ ಪ್ರಕಾರ ರಾವಿಚ್ ತಪ್ಪಿಸಿಕೊಂಡೇ ಇರಲಿಲ್ಲ. ಪೋಲಿಷ್ ಕೈದಿಗಳಿಗೆ ಕೊಟ್ಟ ಕ್ಷಮಾದಾನದಲ್ಲಿ 1942ರಲ್ಲಿ ಬಿಡುಗಡೆಯಾಗಿದ್ದ. ವಿಯರ್‌ಗೆ ಇದು ಗೊತ್ತಿತ್ತು. ನಾಯಕನ ಹೆಸರು ಬದಲಿಸಿದ್ದೂ, ಯೇತಿಯನ್ನು ಕೈಬಿಟ್ಟದ್ದೂ, ತಮ್ಮದು ಕಾಲ್ಪನಿಕ ಚಿತ್ರವೆಂದೇ ಹೇಳಿಕೊಂಡದ್ದೂ ಅದಕ್ಕೇ.

ಸೈಬೀರಿಯಾದಿಂದ ಭಾರತಕ್ಕೆ ನಿಜವಾಗಿ ಬಂದ ಪೋಲಿಷರು ಸಾವಿರಾರು ಮಂದಿ ಇದ್ದರು. ಗಡೀಪಾರಾಗಿದ್ದವರು ಕ್ಷಮಾದಾನದ ನಂತರ ಇರಾನ್ ಮೂಲಕ ಹೊರಬಿದ್ದರು. ಮಕ್ಕಳಿಗೆ ಜಾಮ್‌ನಗರದ ಬಳಿ ಬಾಲಾಚಡಿಯಲ್ಲಿ ನೆಲೆ ಸಿಕ್ಕಿತು. ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ ಸುಮಾರು 5000 ಜನರ ಒಂದು ಪೋಲಿಷ್ ಊರೇ 1943ರಿಂದ ಕೆಲವು ವರ್ಷ ಇತ್ತು. ನಮ್ಮ ನಿಪ್ಪಾಣಿಯಿಂದ ಗಂಟೆಯ ದಾರಿ. ಈ ಕಥೆಗೆ ಇನ್ನೂ ಯಾರೂ ಅಷ್ಟು ದೊಡ್ಡ ಸಿನಿಮಾ ಮಾಡಿಲ್ಲ.

ಜರ್ಮನ್ ಚಿತ್ರ 'ಆಸ್ ಫಾರ್ ಆಸ್ ಮೈ ಫೀಟ್ ವಿಲ್ ಕ್ಯಾರಿ ಮಿ' (2001) ಕಥೆಯೂ ಹೀಗೇ. ಎರಡನೇ ಮಹಾಯುದ್ಧದ ನಂತರ ಸೈಬೀರಿಯಾದ ಪೂರ್ವ ತುದಿಯ ಸೀಸದ ಗಣಿಯಿಂದ ತಪ್ಪಿಸಿಕೊಂಡ ಜರ್ಮನ್ ಸೈನಿಕ ಕ್ಲೆಮೆನ್ಸ್ ಫೊರೆಲ್ ಮೂರು ವರ್ಷ ಅಲೆದು ಇರಾನ್ ಮುಟ್ಟಿ ಮನೆ ಸೇರಿದ ಎಂಬುದು ಕಥೆ. 1955ರ ಕಾದಂಬರಿ ಜರ್ಮನಿಯಲ್ಲಿ ಮನೆಮಾತಾಗಿತ್ತು. ಫೊರೆಲ್ ಎಂಬ ಹೆಸರಿನ ಹಿಂದಿದ್ದ ನಿಜ ವ್ಯಕ್ತಿ ಕೊರ್ನೇಲಿಯಸ್ ರೋಸ್ಟ್ 1947ರಲ್ಲೇ ಸೆರೆಯಿಂದ ಬಿಡುಗಡೆಯಾಗಿ ಬಂದಿದ್ದ ಎಂದು ಬವೇರಿಯಾ ರೇಡಿಯೋದ ಪತ್ರಕರ್ತರೊಬ್ಬರು 2010ರಲ್ಲಿ ಬಯಲು ಮಾಡಿದರು. ಅಲ್ಲಿಗೆ ಮೂರು ವರ್ಷದ ನಡಿಗೆ ಗಾಳಿಗೆ ಹೋಯಿತು.

ಸುಳ್ಳೆಂದು ಗೊತ್ತಾದ ಮೇಲೂ ನೋಡಬಹುದೇ? ವಿಯರ್ ಚಿತ್ರವನ್ನು ಖಂಡಿತ ನೋಡಬಹುದು, ಯಾಕೆಂದರೆ ಅದರ ಬಲ ಇರುವುದು ಪಾತ್ರಗಳಲ್ಲಿ. ಜರ್ಮನ್ ಚಿತ್ರ ಮಾತ್ರ 'ಇದು ನಡೆದದ್ದು' ಎಂಬ ನಂಬಿಕೆಯ ಮೇಲೇ ನಿಂತಿದೆ. ಅದನ್ನು ತೆಗೆದರೆ ಉಳಿಯುವುದು ಹಿಮದ ಚಂದದ ದೃಶ್ಯಗಳು, ಮತ್ತು ಸಾವಿರಾರು ಮೈಲಿ ಬೆನ್ನು ಹತ್ತಿ ಬರುವ ಒಬ್ಬ ಸೋವಿಯತ್ ಅಧಿಕಾರಿ. ಎರಡೂವರೆ ಗಂಟೆ ಅದಕ್ಕೆ ಜಾಸ್ತಿಯೇ ಆಯಿತು.

ಮನೆಮಂದಿಯೆಲ್ಲ ಕೂತು ನೋಡುವುದಾದರೆ: 'ರ‍್ಯಾಬಿಟ್-ಪ್ರೂಫ್ ಫೆನ್ಸ್'

ಇಲ್ಲಿ ಓಡಿಹೋಗುವವರು ಅಪರಾಧಿಗಳೂ ಅಲ್ಲ, ಯುದ್ಧಕೈದಿಗಳೂ ಅಲ್ಲ, ಮೂವರು ಹುಡುಗಿಯರು. ಪಟ್ಟಿಯಲ್ಲಿ ಯಾಕೆ ಸೇರಿಸಿದೆ ಎನ್ನಬೇಡಿ. 1931ರ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಿಳಿಯರ ಸರ್ಕಾರ ಮೂಲನಿವಾಸಿಗಳ ಮಿಶ್ರ ಸಂತತಿಯ ಮಕ್ಕಳನ್ನು ತಾಯಂದಿರಿಂದ ಕಿತ್ತು ವಸತಿಗಳಲ್ಲಿ ಕೂಡಿಹಾಕುತ್ತಿತ್ತು. ಮೋಲಿ, ತಂಗಿ ಡೇಸಿ, ಅವರ ಕಸಿನ್ ಗ್ರೇಸಿ ಮೂರ್ ರಿವರ್ ವಸತಿಯಿಂದ ತಪ್ಪಿಸಿಕೊಂಡು ಉತ್ತರದ ಜಿಗಲಾಂಗ್‌ನತ್ತ ಹೊರಟರು. ಮೋಲಿಗೆ ಹದಿನಾಲ್ಕು ವರ್ಷ, ಉಳಿದವರು ಅವಳಿಗಿಂತ ಚಿಕ್ಕವರು.

ದಾರಿ ಹೇಗೆ ಗೊತ್ತು? ಮೊಲಗಳ ಹಾವಳಿ ತಡೆಯಲು ಸರ್ಕಾರ 1907ರ ಹೊತ್ತಿಗೆ ಕಡಲಿನಿಂದ ಕಡಲಿನವರೆಗೆ 1800 ಕಿಲೋಮೀಟರಿಗೂ ಉದ್ದದ ಬೇಲಿ ಹಾಕಿತ್ತು. ಆ ಬೇಲಿ ಮೋಲಿಯ ಊರಿನ ಪಕ್ಕವೇ ಹಾದುಹೋಗುತ್ತದೆ. ಬೇಲಿ ಸಿಕ್ಕಿದರೆ ಅಮ್ಮ ಸಿಕ್ಕಂತೆ. ಬೇರೆ ಚಿತ್ರಗಳಲ್ಲೆಲ್ಲ ಬೇಲಿ ದಾಟಬೇಕು, ಇಲ್ಲಿ ಬೇಲಿ ಹಿಡಿದು ನಡೆಯಬೇಕು. ಮಳೆ ಬರುವ ಹೊತ್ತು ನೋಡಿ ಮೋಲಿ ಹೊರಡುತ್ತಾಳೆ, ಹೆಜ್ಜೆಗುರುತು ಅಳಿಸಿಹೋಗಲಿ ಎಂದು. ಹಿಂದೆ ಬರುವ ಜಾಡುಗಾರನ ಪಾತ್ರದಲ್ಲಿ ಡೇವಿಡ್ ಗಲ್ಪಿಲಿಲ್. ಇಡೀ ಚಿತ್ರದಲ್ಲಿ ಅವನು ಆಡುವ ಮಾತು ಬೆರಳೆಣಿಕೆಯಷ್ಟು. ಹುಡುಗಿಯ ಜಾಣತನಕ್ಕೆ ಒಳಗೊಳಗೇ ಖುಷಿಪಡುತ್ತಿದ್ದಾನೋ ಎಂಬ ಅನುಮಾನ ಅವನ ಮುಖ ನೋಡಿದಾಗಲೆಲ್ಲ ಬರುತ್ತದೆ.

ಕ್ರೌರ್ಯ ಇಲ್ಲಿ ಕಡತದ ರೂಪದಲ್ಲಿದೆ. ಮುಖ್ಯ ಅಧಿಕಾರಿ ನೆವಿಲ್ ಪಾತ್ರದಲ್ಲಿ ಕೆನೆತ್ ಬ್ರಾನಾ. ಒಬ್ಬಾಕೆ ಹೊಸ ಶೂಗೆ ಅರ್ಜಿ ಹಾಕಿದ್ದಾಳೆಂದು ಕಾರ್ಯದರ್ಶಿ ಹೇಳಿದರೆ, ಹೋದ ವರ್ಷವಷ್ಟೇ ಒಂದು ಜೊತೆ ಕೊಟ್ಟಿದ್ದೇವಲ್ಲ ಎಂದು ಅವನು ಲೆಕ್ಕ ತೆಗೆಯುತ್ತಾನೆ. ದನಿ ಏರಿಸುವುದಿಲ್ಲ, ತಾನು ಒಳ್ಳೆಯದೇ ಮಾಡುತ್ತಿದ್ದೇನೆಂದು ಪೂರ್ತಿ ನಂಬಿದ್ದಾನೆ.

'ನೈಜ ಘಟನೆ' ಎಂಬ ಮಾತು ನಿಲ್ಲುವುದು ಈ ಚಿತ್ರದಲ್ಲಿ. ಮೂಲ ಪುಸ್ತಕ ಬರೆದವರು ಮೋಲಿಯ ಮಗಳು ಡೋರಿಸ್ ಪಿಲ್ಕಿಂಗ್ಟನ್ ಗರಿಮಾರಾ. ಕೊನೆಯಲ್ಲಿ ವಯಸ್ಸಾದ ಮೋಲಿ, ಡೇಸಿ ಇಬ್ಬರೂ ತೆರೆಯ ಮೇಲೆ ಬರುತ್ತಾರೆ. ಸುಮಾರು ಒಂದೂವರೆ ಗಂಟೆಯ ಚಿತ್ರ, ರಕ್ತಪಾತವಿಲ್ಲ. ತಾಯಿಯ ಕೈಯಿಂದ ಮಕ್ಕಳನ್ನು ಕಿತ್ತುಕೊಳ್ಳುವ ಆರಂಭದ ದೃಶ್ಯ ಮಾತ್ರ ತೀರ ಎಳೆಯ ಮಕ್ಕಳಿಗೆ ಬೇಡ.

ಹೊಟ್ಟೆ ಗಟ್ಟಿ ಇದ್ದವರಿಗೆ: 'ವ್ಯಾನ್ ಡೀಮೆನ್ಸ್ ಲ್ಯಾಂಡ್'

ಇದೂ ಆಸ್ಟ್ರೇಲಿಯಾದ್ದೇ, 2009ರ ಚಿತ್ರ. ಅಲೆಕ್ಸಾಂಡರ್ ಪಿಯರ್ಸ್ ಎಂಬ ಐರಿಷ್ ಕೈದಿ ಆರು ಜೊತೆ ಶೂ ಕದ್ದದ್ದಕ್ಕೆ ಈಗಿನ ಟಾಸ್ಮೇನಿಯಾಕ್ಕೆ ಗಡೀಪಾರಾದವನು. 1822ರಲ್ಲಿ ಮೆಕ್ವಾರಿ ಬಂದರಿನ ಸೆರೆವಸಾಹತಿನಿಂದ ಎಂಟು ಮಂದಿ ಕಾಡು ಹೊಕ್ಕರು. ಆಹಾರ ಮುಗಿದ ಮೇಲೆ ಏನಾಯಿತೆಂದು ಊಹಿಸಬಲ್ಲಿರಿ: ಒಬ್ಬೊಬ್ಬರನ್ನೇ ಕೊಂದು ತಿಂದರು. ಸಿಕ್ಕಿಬಿದ್ದ ಪಿಯರ್ಸ್ ತಪ್ಪೊಪ್ಪಿಕೊಂಡರೂ ಯಾರೂ ನಂಬಲಿಲ್ಲ. ಜೊತೆಗಾರರನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾನೆಂದು ತಿಳಿದು ವಾಪಸು ಅಲ್ಲಿಗೇ ಕಳಿಸಿದರು. ಮತ್ತೊಮ್ಮೆ ಓಡಿದ, ಮತ್ತೊಬ್ಬನನ್ನು ಕೊಂದ. 1824ರಲ್ಲಿ ಹೋಬಾರ್ಟ್‌ನಲ್ಲಿ ಗಲ್ಲಿಗೇರಿಸಿದರು.

ಚಿತ್ರದಲ್ಲಿ ಕೊಡಲಿ ಏಟಿಗಿಂತ ಭಯ ಹುಟ್ಟಿಸುವುದು ರಾತ್ರಿ. ಉಳಿದವರಲ್ಲಿ ಯಾರೂ ಮೊದಲು ನಿದ್ದೆ ಹೋಗಲು ತಯಾರಿಲ್ಲ. 'ದಿ ವೇ ಬ್ಯಾಕ್'ನಲ್ಲಿ ನಡಿಗೆ ಅಪರಿಚಿತರನ್ನು ಹತ್ತಿರ ತರುತ್ತದೆ, ಇಲ್ಲಿ ಜೊತೆಗಾರರನ್ನು ಬೇಟೆಗಾರರನ್ನಾಗಿ ಮಾಡುತ್ತದೆ. ಎರಡನ್ನೂ ಒಂದಾದ ಮೇಲೊಂದು ನೋಡಿದರೆ ಹೆಚ್ಚು ಫಲ. ಆದರೆ ಒಂದೇ ರಾತ್ರಿ ಬೇಡ. ಬಣ್ಣವೆಲ್ಲ ಹೀರಿಕೊಂಡಂತಿರುವ ಬೂದು ಕಾಡು, ನಡುನಡುವೆ ಐರಿಷ್ ಭಾಷೆಯ ನಿರೂಪಣೆ, ಬಹಳ ನಿಧಾನ. ಊಟ ಮಾಡುತ್ತ ನೋಡುವ ಸಿನಿಮಾವಂತೂ ಅಲ್ಲ.

ಹೆಸರು ಕೇಳಿ ಹುಡುಕುವವರಿಗೆ

'ಸೆವೆನ್ ಇಯರ್ಸ್ ಇನ್ ಟಿಬೆಟ್' (1997) ಇದೇ ಸಾಲಿನದೆಂದು ಕೆಲವರು ಹೇಳುತ್ತಾರೆ. ಡೆಹ್ರಾಡೂನ್‌ನ ಬ್ರಿಟಿಷ್ ಕ್ಯಾಂಪಿನಿಂದ ಆಸ್ಟ್ರಿಯಾದ ಪರ್ವತಾರೋಹಿ ಹೈನ್ರಿಕ್ ಹಾರರ್ ಮತ್ತು ಸಂಗಡಿಗರು 1944ರ ಏಪ್ರಿಲ್‌ನಲ್ಲಿ ಮುಳ್ಳುತಂತಿ ದುರಸ್ತಿ ತಂಡದ ವೇಷ ಹಾಕಿ ಹಾಡಹಗಲೇ ಗೇಟಿನಿಂದ ನಡೆದು ಹೋದರು. ಹಾರರ್ ಮತ್ತು ಪೀಟರ್ ಔಫ್‌ಶ್ನೈಟರ್ 1946ರ ಜನವರಿಯಲ್ಲಿ ಲ್ಹಾಸಾ ಸೇರಿದರು. ವಿಯರ್ ಚಿತ್ರದ ದಿಕ್ಕಿಗೆ ಉಲ್ಟಾ: ಅವರು ಟಿಬೆಟ್ ದಾಟಿ ಭಾರತಕ್ಕೆ, ಇವರು ಭಾರತದಿಂದ ಟಿಬೆಟ್ಟಿಗೆ. ಆದರೆ ಚಿತ್ರಕ್ಕೆ ನಡಿಗೆಯಲ್ಲಿ ಆಸಕ್ತಿ ಕಡಿಮೆ, ಬಾಲಕ ದಲಾಯಿ ಲಾಮಾ ಸ್ನೇಹದಲ್ಲಿ ಹೆಚ್ಚು. ಹಿಮಾಲಯ ನೋಡಲೆಂದು ಕೂತವರಿಗೆ ಇನ್ನೊಂದು ಸಂಗತಿ: ಬಹುಪಾಲು ಚಿತ್ರೀಕರಣ ಆಗಿದ್ದು ಅರ್ಜೆಂಟೀನಾದಲ್ಲಿ.

'ಪ್ಯಾಪಿಯೋನ್' (1973) ಒಳ್ಳೆಯ ಚಿತ್ರ, ಸ್ಟೀವ್ ಮೆಕ್ವೀನ್, ಡಸ್ಟಿನ್ ಹಾಫ್‌ಮನ್ ಇಬ್ಬರೂ ಭರ್ಜರಿ. ಆದರೆ ಅದು ಮುಖ್ಯವಾಗಿ ಒಂಟಿಕೋಣೆಯ ಮತ್ತು ಕಡಲಿನ ಕಥೆ. ಈ ಪಟ್ಟಿಗೆ ಸೇರುವುದಿಲ್ಲ.

ಹಾಗಾದರೆ ಯಾವುದು?

ಒಂದೇ ಸಂಜೆ, ಒಂದೇ ಸಿನಿಮಾ ಎಂದರೆ 'ರೆಸ್ಕ್ಯೂ ಡಾನ್' ಹಾಕಿ. ಬಿಗಿ ಇದೆ, ನಿದ್ದೆ ಬರಿಸುವುದಿಲ್ಲ. ಅಪ್ಪ ಅಮ್ಮ, ಹೈಸ್ಕೂಲು ಮಕ್ಕಳು ಜೊತೆಯಲ್ಲಿದ್ದರೆ ಯೋಚನೆಯೇ ಬೇಡ, 'ರ‍್ಯಾಬಿಟ್-ಪ್ರೂಫ್ ಫೆನ್ಸ್'. ಚಾರಣದ ಹುಚ್ಚಿದ್ದವರಿಗೆ, ನಕಾಶೆ ಬಿಡಿಸಿಕೊಂಡು ಕೂರುವವರಿಗೆ 'ದಿ ವೇ ಬ್ಯಾಕ್'. ಅದಕ್ಕೆ ಎರಡು ಗಂಟೆ ಹತ್ತು ಹದಿನೈದು ನಿಮಿಷ ಬಿಡುವು ಬೇಕು, ಮತ್ತು ದೊಡ್ಡ ಪರದೆ. ರಸೆಲ್ ಬಾಯ್ಡ್ ಛಾಯಾಗ್ರಹಣದಲ್ಲಿ ಮನುಷ್ಯರು ಮರಳ ದಿಬ್ಬದ ಮೇಲೆ ಇರುವೆ ಸಾಲಿನಷ್ಟಿರುತ್ತಾರೆ, ಮೊಬೈಲಿನಲ್ಲಿ ಅವರು ಕಾಣುವುದೇ ಇಲ್ಲ. ಬಸ್ಸಿನಲ್ಲಿ ಫೋನ್ ಹಿಡಿದು ನೋಡುವುದಾದರೆ ಲಾವೋಸಿನ ಕಾಡೇ ವಾಸಿ, ಅಲ್ಲಿ ಎಲ್ಲವೂ ಮುಖದ ಹತ್ತಿರವೇ ನಡೆಯುತ್ತದೆ.

ಸಬ್‌ಟೈಟಲ್ ಹಾಕಿಕೊಂಡೇ ನೋಡಿ. ಪೋಲಿಷ್, ರಷ್ಯನ್, ಐರಿಷ್ ಉಚ್ಚಾರಣೆಯ ಇಂಗ್ಲಿಷ್ ಕಿವಿಗೆ ಸಲೀಸಾಗಿ ಸಿಗುವುದಿಲ್ಲ.

'ರೆಸ್ಕ್ಯೂ ಡಾನ್' ಆರಿಸಿದವರಿಗೆ ಒಂದು ಕೋರಿಕೆ. ಹರ್ಟ್ಸಾಗ್ 1997ರಲ್ಲಿ ಡೆಂಗ್ಲರ್‌ನನ್ನೇ ಮುಂದಿಟ್ಟುಕೊಂಡು 'ಲಿಟಲ್ ಡೀಟರ್ ನೀಡ್ಸ್ ಟು ಫ್ಲೈ' ಎಂಬ ಸಾಕ್ಷ್ಯಚಿತ್ರ ಮಾಡಿದ್ದರು. ಅದನ್ನು ಸಿನಿಮಾ ನೋಡಿದ ಮೇಲೆ ನೋಡಿ. ಬರಿಗಾಲಿನ ಇಬ್ಬರು ಕಾಡಿನಲ್ಲಿ ಸಿಕ್ಕ ಒಂದೇ ಒಂದು ಶೂವಿನ ಅಟ್ಟೆಯನ್ನು ಸರದಿಯ ಮೇಲೆ ಕಾಲಿಗೆ ಕಟ್ಟಿಕೊಂಡು ನಡೆದದ್ದು, ಅದನ್ನು ಬದುಕಿ ಬಂದವನ ಬಾಯಿಂದ ಕೇಳುವುದೇ ಬೇರೆ. ಸಿನಿಮಾದಲ್ಲಿ ಸ್ವಾರ್ಥಿಯಂತೆ, ತಲೆಕೆಟ್ಟವನಂತೆ ಕಾಣುವ ಸಹಕೈದಿ ಜೀನ್ ಡಿಬ್ರುಯಿನ್ ಹಾಗಿರಲಿಲ್ಲವೆಂದು ಅವನ ಮನೆಯವರೂ, ಜೊತೆಯಲ್ಲಿ ಸೆರೆಯಲ್ಲಿದ್ದು ಬದುಕುಳಿದ ಥಾಯ್ ಕೈದಿ ಫಿಸಿತ್ ಇಂತರಥಾತ್ ಅವರೂ ಬಲವಾಗಿ ಆಕ್ಷೇಪಿಸಿದ್ದಾರೆ. ಡಿಬ್ರುಯಿನ್ ಮನೆಗೆ ಮರಳಲೇ ಇಲ್ಲ. ಆ ಪಾತ್ರ ತೆರೆಯ ಮೇಲೆ ಬಂದಾಗ ಇದಿಷ್ಟು ನೆನಪಿರಲಿ.